ಕೊಟ್ಟಿಗೆಹಾರದ ಮಳೆಗೆ ಶಿಟ್ಜು ಒಗ್ಗುತ್ತದೆಯೇ?

ಪ್ರಶ್ನೆ: ಡಾಕ್ಟರ್, ನಮ್ಮದು ಮೂಡಿಗೆರೆ ತಾಲ್ಲೂಕು, ಕೊಟ್ಟಿಗೆಹಾರದ ಹತ್ತಿರ ಸಣ್ಣ ಕಾಫಿ ತೋಟ ಇದೆ. ನಾನು ನಿವೃತ್ತ ಶಿಕ್ಷಕಿ. ಬೆಂಗಳೂರಿನಲ್ಲಿದ್ದ ಮಗಳು ಕೆಲಸದ ಮೇಲೆ ಎರಡು ವರ್ಷಕ್ಕೆ ಹೊರದೇಶಕ್ಕೆ ಹೋಗಿದ್ದಾಳೆ. ಅವಳು ಫ್ಲ್ಯಾಟ್‌ನಲ್ಲಿ ಸಾಕಿದ್ದ ಮೂರು ವರ್ಷದ ಹೆಣ್ಣು ಶಿಟ್ಜು ನಾಯಿ, ಚಿನ್ನು, ಈಗ ನಮ್ಮ ಜೊತೆ ಇದೆ. ನಮ್ಮಲ್ಲಿ ಇಷ್ಟು ದಿನ ಇದ್ದದ್ದು ತೋಟದ ನಾಯಿಗಳು. ಅವಕ್ಕೆ ಹೊತ್ತಿಗೆ ಸರಿಯಾಗಿ ಅನ್ನ ಹಾಕಿದರೆ ಆಯ್ತು. ಇದು ಹಾಗಲ್ಲ. ಸಾರನ್ನ ಮೂಸಿ ಬಿಟ್ಟು ಬಿಸ್ಕತ್ತು ಕೇಳುತ್ತದೆ. ಕಣ್ಣಿಂದ ನೀರು ಸುರಿದು ಮೂಗಿನ ಪಕ್ಕ ಕಂದು ಕಲೆ ಆಗಿದೆ. ಒಂದು ಕಿವಿ ವಾಸನೆ ಬರುತ್ತದೆ. ರಾತ್ರಿ ಜೋರು ಗೊರಕೆ. ನಮ್ಮ ಯಜಮಾನರು "ನಾಯಿ ಅಂದ್ಮೇಲೆ ಜಗಲಿ ಮೇಲಿರಲಿ, ಅಭ್ಯಾಸ ಆಗುತ್ತೆ" ಅಂತಾರೆ. ಪಕ್ಕದ ತೋಟದವರು ಮಳೆ ಹಿಡಿಯೋ ಮೊದಲು ಕೂದಲು ಪೂರ್ತಿ ಬೋಳಿಸಿ ಅಂತಾರೆ. ನಮ್ಮ ಮಳೆ, ಚಳಿಗೆ ಈ ನಾಯಿ ತಡೆಯುತ್ತದೆಯೇ? ಏನು ಮಾಡಲಿ?

ಉತ್ತರ:

ನಮಸ್ಕಾರ ಮೇಡಂ. ಮಳೆ ಹಿಡಿಯುವ ಮೊದಲೇ ಕೇಳಿದ್ದೀರಿ, ಅದು ತುಂಬಾ ಒಳ್ಳೆಯದಾಯಿತು. ಇಂಥ ನಾಯಿಗಳನ್ನು ನಮ್ಮ ಹತ್ತಿರ ತರುವುದು ಹೆಚ್ಚಾಗಿ ಆಗಸ್ಟ್‌ನಲ್ಲಿ. ಅಷ್ಟು ಹೊತ್ತಿಗೆ ಕೂದಲು ಗಂಟುಗಟ್ಟಿ, ಅದರಡಿಯ ಚರ್ಮ ಹುಣ್ಣಾಗಿರುತ್ತದೆ. ಆಮೇಲೆ ವಾಸಿ ಮಾಡಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಪಾಪ, ನಾಯಿ ಅಷ್ಟೂ ದಿನ ನರಳುತ್ತದೆ.

ಒಂದೇ ಮಾತಿನಲ್ಲಿ ಹೇಳುವುದಾದರೆ, ತಡೆಯುತ್ತದೆ. ಚಳಿಯ ಬಗ್ಗೆ ಅಷ್ಟು ಹೆದರಬೇಡಿ. ಮನೆಯೊಳಗಿದ್ದರೆ ನಮ್ಮ ಚಳಿ ಇದಕ್ಕೆ ದೊಡ್ಡದೇನಲ್ಲ. ಹೆದರಬೇಕಾದದ್ದು ಒದ್ದೆಗೆ ಮತ್ತು ಉಣುಗಿಗೆ. ಎರಡಕ್ಕೂ ಅಂಗಡಿಯಲ್ಲಿ ಸಿಗುವ ಯಾವ ಶಾಂಪೂಗಿಂತ ದಿನಾ ಹತ್ತು ನಿಮಿಷ ನಿಮ್ಮ ಕೈ ಅದರ ಮೈಮೇಲೆ ಆಡುವುದು ಮುಖ್ಯ. ಅದನ್ನೇ ಬಿಡಿಸಿ ಹೇಳುತ್ತೇನೆ.

ಮೊದಲು ಯಜಮಾನರ ಮಾತು. ಜಗಲಿ ಬೇಡ. ಚಿನ್ನು ಮನೆಯೊಳಗೇ ಇರಬೇಕು. ರಾತ್ರಿ ನಿಮ್ಮ ಕೋಣೆಯಲ್ಲಿ ಮಲಗಿದರೆ ಇನ್ನೂ ಒಳ್ಳೆಯದು. ಮುದ್ದು ಮಾಡಲಿ ಅಂತ ಹೇಳುತ್ತಿಲ್ಲ. ತೋಟದ ನಾಯಿಗೆ ಕಾವಲಿನ ಕೆಲಸ ಇದೆ, ಅದಕ್ಕೆ ತಕ್ಕ ಮೈ ಇದೆ. ಶಿಟ್ಜುವನ್ನು ಜನ ಬೆಳೆಸಿದ್ದೇ ಬೇರೆ ಉದ್ದೇಶಕ್ಕೆ. ಟಿಬೆಟ್ ಕಡೆಯ ನಾಯಿಗಳಿಂದ ಚೀನಾದ ಅರಮನೆಯಲ್ಲಿ ರೂಪುಗೊಂಡ ತಳಿ ಇದು. 1930ರ ಹೊತ್ತಿಗೆ ಇಂಗ್ಲೆಂಡಿಗೆ ಹೋಯಿತು. ಅಮೆರಿಕನ್ ಕೆನಲ್ ಕ್ಲಬ್ ಇದನ್ನು ಒಂದು ತಳಿ ಅಂತ ಒಪ್ಪಿಕೊಂಡದ್ದು 1969ರಲ್ಲಿ. ಬೇಟೆ, ಕಾವಲು, ದನ ಕಾಯುವುದು, ಯಾವುದಕ್ಕೂ ಇದನ್ನು ತಯಾರು ಮಾಡಲಿಲ್ಲ. ಮನುಷ್ಯರ ಜೊತೆ ಇರುವುದೇ ಇದರ ಕೆಲಸ. 4ರಿಂದ 7 ಕಿಲೋ ತೂಕ, ಒಂದಡಿಗಿಂತ ಕಡಿಮೆ ಎತ್ತರ, ಚಪ್ಪಟೆ ಮೂತಿ, ಉಬ್ಬಿದ ಕಣ್ಣು. ಇವು ಯಾವುವೂ ಅಭ್ಯಾಸದಿಂದ ಬದಲಾಗುವ ವಿಷಯ ಅಲ್ಲ.

ಇನ್ನೊಂದು ಕಾರಣ ನಿಮಗೂ ಗೊತ್ತಿರುತ್ತದೆ. ಚಿರತೆ. ನಮ್ಮ ಕಡೆ ಅಂಗಳದಿಂದ, ಜಗಲಿಯಿಂದ ನಾಯಿ ಹೊತ್ತೊಯ್ಯುವುದು ಹೊಸದೇನಲ್ಲ ಅಲ್ವಾ? ತೋಟದ ನಾಯಿ ವಾಸನೆ ಹಿಡಿದು ಬೊಗಳಿ ಒಳಗೆ ನುಗ್ಗುತ್ತದೆ. ಫ್ಲ್ಯಾಟ್‌ನಲ್ಲಿ ಬೆಳೆದ ಚಿನ್ನುವಿಗೆ ಆ ವಾಸನೆಯ ಅರ್ಥವೇ ಗೊತ್ತಿಲ್ಲ. ಕತ್ತಲಾದ ಮೇಲೆ ಮೂತ್ರಕ್ಕೆ ಬಿಡುವಾಗಲೂ ಹಗ್ಗ ನಿಮ್ಮ ಕೈಯಲ್ಲಿರಲಿ, ಲೈಟು ಹಾಕಿರಿ, ನೀವೂ ಜೊತೆಗೆ ನಿಲ್ಲಿ.

ಈಗ ಕೂದಲು. ಬೋಳಿಸಬೇಡಿ, ಕತ್ತರಿಸಿ. ಎರಡಕ್ಕೂ ಬಹಳ ವ್ಯತ್ಯಾಸ ಇದೆ. ಚರ್ಮದ ಮಟ್ಟಕ್ಕೆ ಬೋಳಿಸಿದರೆ ಬ್ಲೇಡಿನ ಗಾಯ ಆಗುತ್ತದೆ, ಅದಕ್ಕೆ ತುರಿಕೆ ಸೇರಿಕೊಳ್ಳುತ್ತದೆ, ಇಂಬಳ, ಸೊಳ್ಳೆಗಳಿಗೆ ಬರಿ ಚರ್ಮ ಸಿಗುತ್ತದೆ. ಮೈಮೇಲೆ ಸುಮಾರು ಒಂದಿಂಚು ಕೂದಲು ಉಳಿಯಲಿ. ಇದನ್ನು ಪಪ್ಪಿ ಕಟ್ ಅಂತಾರೆ. ಹೊಟ್ಟೆಯ ಅಡಿ, ಪಾದದ ಮೆತ್ತೆಗಳ ನಡುವೆ, ಬಾಲದ ಬುಡ, ಇಷ್ಟು ಕಡೆ ಇನ್ನೂ ಸಣ್ಣದಾಗಿ ಕತ್ತರಿಸಬೇಕು. ಚಿಕ್ಕಮಗಳೂರು, ಹಾಸನದಲ್ಲಿ ಈಗ ನಾಯಿಗಳ ಗ್ರೂಮಿಂಗ್ ಮಾಡುವವರಿದ್ದಾರೆ. ಮೇ ಕೊನೆಗೆ ಒಮ್ಮೆ, ಮಳೆಯ ನಡುವೆ ಒಮ್ಮೆ ಮಾಡಿಸಿದರೆ ನಿಮಗೂ ಹಗುರ.

ಈ ತಳಿಯ ಕೂದಲು ನಮ್ಮ ತಲೆಗೂದಲ ಹಾಗೆ ಬೆಳೆಯುತ್ತಲೇ ಇರುತ್ತದೆ. ಬೇರೆ ನಾಯಿಗಳಂತೆ ನೆಲದ ತುಂಬ ಉದುರುವುದಿಲ್ಲ, ಉದುರಿದ್ದು ಅಲ್ಲೇ ಉಳಿದ ಕೂದಲಿಗೆ ಸಿಕ್ಕಿಕೊಳ್ಳುತ್ತದೆ. ಅದು ಗಂಟಾಗುತ್ತದೆ. ಗಂಟಿಗೆ ನೀರು ತಾಗಿದರೆ ಬಿಗಿಯುತ್ತದೆ. ಬಿಗಿದ ಗಂಟಿನ ಅಡಿಯಲ್ಲಿ ಚರ್ಮ ಒಣಗುವುದೇ ಇಲ್ಲ. ಹೊರಗೆ ಮೂರು ತಿಂಗಳು ಬಟ್ಟೆಯೇ ಒಣಗದ ಊರು ನಮ್ಮದು, ಗಂಟಿನಡಿಯ ಚರ್ಮ ಹೇಗೆ ಒಣಗಬೇಕು? ಅಲ್ಲಿ ಬ್ಯಾಕ್ಟೀರಿಯಾ, ಯೀಸ್ಟ್ ಬೆಳೆದು ವಾಸನೆ, ತುರಿಕೆ, ಹುಣ್ಣು ಶುರುವಾಗುತ್ತದೆ. ಆದ್ದರಿಂದ ನೆನಪಿಡಿ, ಬಾಚದೆ ಸ್ನಾನ ಮಾಡಿಸಬಾರದು. ಮೊದಲು ಗಂಟು ಬಿಡಿಸಿ, ಆಮೇಲೆ ನೀರು.

ಆ ಹತ್ತು ನಿಮಿಷ ಹೇಗಿರಬೇಕು ಅಂತ ಹೇಳುತ್ತೇನೆ. ಸಂಜೆ ಕಾಫಿ ಆದಮೇಲೆ ಬೆಳಕಿರುವ ಕಡೆ ಕೂತು, ಮಡಿಲ ಮೇಲೆ ಹಳೇ ಟವೆಲ್ ಹಾಸಿ ಚಿನ್ನುವನ್ನು ಮಲಗಿಸಿಕೊಳ್ಳಿ. ಒಂದು ಕಡೆ ವಿರಳ, ಇನ್ನೊಂದು ಕಡೆ ಒತ್ತು ಹಲ್ಲಿರುವ ಸ್ಟೀಲ್ ಬಾಚಣಿಗೆ ಸಾಕು. ಮೇಲೆ ಮೇಲೆ ಬಾಚಿದರೆ ನೋಡಲು ನಯವಾಗಿ ಕಾಣುತ್ತದೆ, ಬುಡದಲ್ಲಿ ಗಂಟು ಹಾಗೇ ಇರುತ್ತದೆ. ಎಡಗೈಯಿಂದ ಕೂದಲನ್ನು ಮೇಲಕ್ಕೆತ್ತಿ ಹಿಡಿಯಿರಿ. ಕೆಳಗಿನಿಂದ ಒಂದೊಂದೇ ಸಾಲು ಬೈತಲೆ ತೆಗೆದು, ಚರ್ಮ ಕಾಣುವಂತೆ ಮಾಡಿಕೊಂಡು ಬುಡದಿಂದ ತುದಿಗೆ ಬಾಚಿ. ಗಂಟು ಜಾಸ್ತಿ ಆಗುವುದು ಕಿವಿಯ ಹಿಂದೆ, ಮುಂಗಾಲಿನ ಕಂಕುಳಲ್ಲಿ, ತೊಡೆಯ ಸಂದಿನಲ್ಲಿ, ಹಾರ್ನೆಸ್ ಉಜ್ಜುವ ಎದೆಯ ಮೇಲೆ. ಗಂಟು ಸಿಕ್ಕರೆ ಎಳೆಯಬೇಡಿ. ಚಿಟಿಕೆ ಕಾರ್ನ್ ಫ್ಲೋರ್ ಉದುರಿಸಿ, ಬೆರಳಿನಲ್ಲೇ ಬಿಡಿಸುತ್ತಾ ಬನ್ನಿ. ಬಿಡಿಸಲು ಆಗದಿದ್ದರೆ ಗಂಟಿಗೂ ಚರ್ಮಕ್ಕೂ ನಡುವೆ ಬಾಚಣಿಗೆ ತೂರಿಸಿ, ಅದರ ಮೇಲ್ಗಡೆ ಕತ್ತರಿ ಆಡಿಸಿ. ಬಾಚಣಿಗೆ ಇಲ್ಲದೆ ಕತ್ತರಿ ಹಾಕಿದರೆ ಚರ್ಮವೇ ಕತ್ತರಿಸಿ ಹೋಗುತ್ತದೆ. ಶಿಟ್ಜುವಿನ ಚರ್ಮ ಅಷ್ಟು ತೆಳು.

ಹಾಗೇ ಬೆರಳನ್ನು ಕಿವಿಯ ಒಳ ಅಂಚು, ಕಣ್ಣಿನ ರೆಪ್ಪೆ, ಕುತ್ತಿಗೆಯ ಕೆಳಗೆ, ಪ್ರತಿ ಕಾಲ್ಬೆರಳ ಸಂದಿನಲ್ಲಿ ಆಡಿಸಿ. ಉದ್ದಿನ ಕಾಳಿನಷ್ಟು ಗಟ್ಟಿ ಏನಾದರೂ ಸಿಕ್ಕರೆ ಕೂದಲು ಸರಿಸಿ ನೋಡಿ. ಉಣುಗು ಹೊಕ್ಕಿರುವುದು ಸಾಮಾನ್ಯವಾಗಿ ಅಲ್ಲೇ. ಮರಿ ಉಣುಗು ಇನ್ನೂ ಸಣ್ಣದು, ಸಾಸಿವೆಗಿಂತ ಚಿಕ್ಕದು. ಕಣ್ಣಿಗಿಂತ ಬೆರಳಿಗೇ ಅದು ಬೇಗ ಗೊತ್ತಾಗುತ್ತದೆ.

ಸ್ನಾನ ಎರಡು ಮೂರು ವಾರಕ್ಕೊಮ್ಮೆ ಸಾಕು. ನಾಯಿಗಳ ಶಾಂಪೂನೇ ಬಳಸಿ. ನಮ್ಮ ಶಾಂಪೂ ನಮ್ಮ ಚರ್ಮದ ಆಮ್ಲೀಯತೆಗೆ ಹೊಂದುವಂತೆ ಮಾಡಿದ್ದು, ನಾಯಿಯ ಚರ್ಮ ಬೇರೆ. ಹಂಡೆಯ ಬಿಸಿನೀರು ಉಗುರುಬೆಚ್ಚಗಿರಲಿ. ಟವೆಲಿನಲ್ಲಿ ಒತ್ತಿ ಒತ್ತಿ ನೀರು ಹೀರಿಸಿ, ಡ್ರೈಯರ್ ಇದ್ದರೆ ಕಡಿಮೆ ಬಿಸಿಯಲ್ಲಿ ಬುಡದವರೆಗೆ ಒಣಗಿಸಿ. ಬಚ್ಚಲು ಒಲೆಯ ಮುಂದೆ ಕೂರಿಸಿ ಒಣಗಿಸುವುದು ಬೇಡ. ಆ ಹೊಗೆ ಇದರ ಕಣ್ಣಿಗೂ ಉಸಿರಿಗೂ ಆಗುವುದಿಲ್ಲ. ಮಳೆಯಲ್ಲಿ ಪ್ರತಿ ಸಲ ಹೊರಗೆ ಹೋಗಿ ಬಂದಾಗಲೂ ನಾಲ್ಕು ಪಾದ ತೊಳೆದು ಬೆರಳ ಸಂದು ಒರೆಸಬೇಕು. ರೈನ್‌ಕೋಟ್ ಹಾಕಿದರೆ ಬಾಗಿಲಲ್ಲೇ ಬಿಚ್ಚಿ. ಜಡಿಮಳೆಯಲ್ಲಿ ಅಂಗಳಕ್ಕೆ ಇಳಿಯಲು ಚಿನ್ನು ಒಪ್ಪದೇ ಇರಬಹುದು. ಸೂರಿನಡಿ ಒಂದು ಮೂಲೆಯನ್ನು ಈಗಲೇ ಗೊತ್ತು ಮಾಡಿ, ಎದ್ದ ತಕ್ಷಣ, ಊಟ ಆದ ಮೇಲೆ, ಮಲಗುವ ಮೊದಲು ಅಲ್ಲಿಗೇ ಕರೆದುಕೊಂಡು ಹೋಗಿ. ಮಳೆ ಶುರುವಾಗುವ ಹೊತ್ತಿಗೆ ಜಾಗ ರೂಢಿಯಾಗಿರುತ್ತದೆ.

ಉಣುಗಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು, ಯಾಕೆಂದರೆ ನಮ್ಮ ಕಡೆ ಇಂಥ ನಾಯಿಗಳ ಜೀವಕ್ಕೆ ಎರವಾಗುವುದು ಇದೇ. ನಾಯಿಗಳ ಕಂದು ಉಣುಗು ಎರ್ಲಿಕಿಯಾ, ಬೆಬೀಸಿಯಾ ಎಂಬ ರೋಗಾಣುಗಳನ್ನು ರಕ್ತಕ್ಕೆ ಸೇರಿಸುತ್ತದೆ. ಜನ ಟಿಕ್ ಫೀವರ್ ಅನ್ನುವುದು ಇದನ್ನೇ. ಶುರುವಿನಲ್ಲಿ ಸುಮ್ನೆ ಮಂಕಾಗಿರುತ್ತದೆ, ಒಂದು ಹೊತ್ತು ಊಟ ಬಿಡುತ್ತದೆ. ಮಗಳು ಇಲ್ಲದ್ದಕ್ಕೆ ಬೇಜಾರು ಅಂದುಕೊಂಡು ನೀವು ಸುಮ್ಮನಿದ್ದುಬಿಡುವ ಸಾಧ್ಯತೆ ಇದೆ. ಅದಕ್ಕೇ ಒಂದು ಡಿಜಿಟಲ್ ಥರ್ಮಾಮೀಟರ್ ಇಟ್ಟುಕೊಳ್ಳಿ. ನಾಯಿಯ ಸಹಜ ತಾಪಮಾನ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ನಮಗಿಂತ ಹೆಚ್ಚು. ಗುದದ್ವಾರದಲ್ಲಿ ನೋಡಬೇಕು. 103 ದಾಟಿದರೆ ತಡ ಮಾಡಬೇಡಿ. ತುಟಿ ಎತ್ತಿ ವಸಡು ನೋಡಿ, ಗುಲಾಬಿ ಬಣ್ಣ ಹೋಗಿ ಬಿಳಿಚಿದ್ದರೆ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆ ಇದ್ದರೆ, ಮೂಗಿನಿಂದ ರಕ್ತ ಬಂದರೆ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಬನ್ನಿ. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಬೇಗ ಹಿಡಿದರೆ ವಾಸಿಯಾಗುತ್ತದೆ. ಎರ್ಲಿಕಿಯಾಕ್ಕೆ ಮಾತ್ರೆ ಸಾಮಾನ್ಯವಾಗಿ 28 ದಿನ. ನಾಲ್ಕನೇ ದಿನಕ್ಕೆ ಲವಲವಿಕೆ ಬಂತು ಅಂತ ನಿಲ್ಲಿಸಿದರೆ ರೋಗ ಒಳಗೇ ಉಳಿಯುತ್ತದೆ. ದಯವಿಟ್ಟು ಪೂರ್ತಿ ಕೊಡಿ.

ಉಣುಗು ಬರದಂತೆ ತಿಂಗಳಿಗೊಮ್ಮೆ ಕೊಡುವ ಮಾತ್ರೆಗಳಿವೆ, 12 ವಾರ ಕೆಲಸ ಮಾಡುವ ಮಾತ್ರೆಯೂ ಇದೆ. ಕುತ್ತಿಗೆಯ ಮೇಲೆ ಬಿಡುವ ಹನಿಯೂ ಸಿಗುತ್ತದೆ. ತೂಕ ನೋಡಿ ವೈದ್ಯರು ಹೇಳಿದ್ದನ್ನೇ ಕೊಡಿ. ಫಿಟ್ಸ್ ಬಂದ ಇತಿಹಾಸ ಇದ್ದರೆ ಮೊದಲೇ ತಿಳಿಸಿ, ಕೆಲವು ಮಾತ್ರೆ ಅಂಥ ನಾಯಿಗೆ ಆಗುವುದಿಲ್ಲ. ದನಕ್ಕೆ ಸಿಂಪಡಿಸುವ ಔಷಧಿಯನ್ನು ಅಂದಾಜಿನ ಮೇಲೆ ನೀರಿಗೆ ಬೆರೆಸಿ ಈ ನಾಯಿಗೆ ಹಚ್ಚಲೇಬಾರದು. ಆರು ಕಿಲೋ ಮೈ, ನೆಕ್ಕುವ ಅಭ್ಯಾಸ ಬೇರೆ. ಮನೆಯಲ್ಲಿ ಬೆಕ್ಕಿದ್ದರೆ ಅದನ್ನೂ ಹೇಳಿ. ನಾಯಿಗೆ ಆಗುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ.

ಬಹಳ ಜನ ತಪ್ಪುವುದು ಇಲ್ಲಿ: ಒಳಗಿನ ನಾಯಿಗೆ ಮಾತ್ರ ಔಷಧಿ ಕೊಡುತ್ತಾರೆ, ಹೊರಗಿನ ನಾಯಿಗಳನ್ನು ಬಿಡುತ್ತಾರೆ. ಕಂದು ಉಣುಗು ಕಾಡಿನಲ್ಲಿ ಮಾತ್ರ ಇರುವುದಲ್ಲ. ರಕ್ತ ಕುಡಿದ ಹೆಣ್ಣು ಉಣುಗು ನಾಯಿಯ ಮೈಯಿಂದ ಉದುರಿ ಗೋಡೆಯ ಬಿರುಕು, ಜಗಲಿಯ ಕಲ್ಲಿನ ಸಂದು, ಗೋಣಿಚೀಲದ ಅಡಿ ಸೇರಿಕೊಂಡು ಸಾವಿರಾರು ಮೊಟ್ಟೆ ಇಡುತ್ತದೆ. ನಿಮ್ಮ ತೋಟದ ನಾಯಿಗಳಿಗೂ ಅದೇ ದಿನ ಔಷಧಿ ಕೊಡಿ. ಅವಕ್ಕೂ ಆ ನೆಮ್ಮದಿ ಸಿಗಲಿ, ಅವೂ ನಿಮ್ಮನ್ನೇ ನಂಬಿದ ಜೀವಗಳು. ಅವು ಮಲಗುವ ಗೋಣಿಯನ್ನು ಬದಲಿಸಿ, ಬಿರುಕುಗಳಿಗೆ ಸಿಮೆಂಟ್ ತುಂಬಿಸಿ.

ಹೊಕ್ಕ ಉಣುಗನ್ನು ಸೀಮೆಎಣ್ಣೆ ಹಾಕಿ, ಬೆಂಕಿ ತಾಗಿಸಿ ತೆಗೆಯಬೇಡಿ. ಚಿಮಟಿಗೆಯಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನಿಧಾನಕ್ಕೆ ನೇರ ಮೇಲಕ್ಕೆ ಎಳೆಯಿರಿ. ಉಗುರಿನಲ್ಲಿ ಹೊಸಕಬೇಡಿ, ಸ್ಪಿರಿಟ್ ಇರುವ ಡಬ್ಬಿಗೆ ಹಾಕಿ. ಇದು ನಿಮ್ಮಿಬ್ಬರ ಆರೋಗ್ಯಕ್ಕೂ ಹೇಳುವ ಮಾತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ನಮ್ಮ ಜಿಲ್ಲೆಯಲ್ಲೂ ಕಾಣಿಸಿಕೊಂಡಿದೆ. ಅದನ್ನು ಹರಡುವುದು ಕಾಡಿನ ಉಣುಗು. ಮಳೆ ನಿಂತ ಮೇಲೆ, ಚಳಿಗಾಲದಿಂದ ಬೇಸಿಗೆಯವರೆಗೆ ಅದರ ಕಾಲ. ಆ ತಿಂಗಳುಗಳಲ್ಲಿ ಚಿನ್ನುವನ್ನು ಕಾಡಂಚಿಗೆ, ತರಗೆಲೆ ಬಿದ್ದ ಕಡೆಗೆ ವಾಕಿಂಗ್ ಕರೆದೊಯ್ಯಬೇಡಿ. ನಾಯಿಯ ಕೂದಲಿನಲ್ಲಿ ಕೂತು ಉಣುಗು ಮನೆಯೊಳಗೆ ಬರಬಹುದು. ಇಂಬಳ ಅಷ್ಟು ಅಪಾಯ ಅಲ್ಲ, ಉಪ್ಪು ತಾಗಿಸಿದರೆ ಬಿಡುತ್ತದೆ. ಆದರೆ ಮಳೆಗಾಲದಲ್ಲಿ ಒಂದೇ ಹೊಳ್ಳೆಯಿಂದ ರಕ್ತ ಬಂದು ಪದೇ ಪದೇ ಸೀನುತ್ತಿದ್ದರೆ ಮೂಗಿನೊಳಗೆ ಜಿಗಣೆ ಇರಬಹುದು. ಅದಕ್ಕೆ ಉಪ್ಪುನೀರು ಹುಯ್ಯದೆ ಆಸ್ಪತ್ರೆಗೆ ತನ್ನಿ.

ಕಣ್ಣಿನ ವಿಷಯಕ್ಕೆ ಬರುತ್ತೇನೆ. ಎರಡೂ ಕಣ್ಣಿನಿಂದ ಮೊದಲಿಂದಲೂ ಸ್ವಲ್ಪ ನೀರು, ಕಂದು ಕಲೆ ಇದ್ದರೆ ಗಾಬರಿ ಬೇಡ. ಮೂತಿ ಚಪ್ಪಟೆ, ಕಣ್ಣೀರು ಇಳಿಯುವ ದಾರಿ ಇಕ್ಕಟ್ಟು, ಅದಕ್ಕೇ ಹೊರಗೆ ಹರಿಯುತ್ತದೆ. ಕಣ್ಣೀರಿನಲ್ಲಿರುವ ಒಂದು ಬಣ್ಣ ಕೂದಲಿಗೆ ಹಿಡಿದು ಕಂದಾಗುತ್ತದೆ. ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ದಿನಕ್ಕೆ ಎರಡು ಸಲ ಒರೆಸಿ, ಒಣ ಹತ್ತಿಯಿಂದ ತೇವ ತೆಗೆಯಿರಿ. ಎರಡು ಕಣ್ಣಿಗೆ ಎರಡು ಹತ್ತಿ. ಮೂಗಿನ ಮೇಲಿನ ಕೂದಲು ಕಣ್ಣಿಗೆ ಚುಚ್ಚದಂತೆ ಕತ್ತರಿಸಿಡಿ, ಹಣೆಯದನ್ನು ಮೇಲಕ್ಕೆ ಸಣ್ಣ ಜುಟ್ಟು ಕಟ್ಟಿದರೂ ಆದೀತು.

ಆದರೆ ಒಂದು ಕಣ್ಣು ಇದ್ದಕ್ಕಿದ್ದಂತೆ ಅರ್ಧ ಮುಚ್ಚಿದರೆ, ಕಾಲಿನಿಂದ ಉಜ್ಜಿಕೊಂಡರೆ, ಬೆಳಕಿಗೆ ಮುಖ ತಿರುಗಿಸಿದರೆ, ಕಪ್ಪುಗುಡ್ಡೆಯ ಮೇಲೆ ನೀಲಿ ಮಂಜು ಕಂಡರೆ ಅದು ಹುಣ್ಣಾಗಿರಬಹುದು. ಇವುಗಳ ಕಣ್ಣುಗೂಡು ಆಳ ಇಲ್ಲ, ಕಣ್ಣು ಹೊರಗೇ ಇರುತ್ತದೆ. ಮಲಗಿದಾಗ ಕೆಲವಕ್ಕೆ ರೆಪ್ಪೆ ಪೂರ್ತಿ ಮುಚ್ಚುವುದೂ ಇಲ್ಲ. ಕಾಫಿ ಗಿಡದ ಒಂದು ಕಡ್ಡಿ ಸವರಿದರೂ ಸಾಕು. ಅಂಥ ಹುಣ್ಣು ಒಂದೆರಡು ದಿನದಲ್ಲೇ ಆಳಕ್ಕಿಳಿದು ಕಣ್ಣು ತೂತಾಗಬಹುದು. ಈ ಹೊತ್ತಿನಲ್ಲಿ ಮನೆಯಲ್ಲಿ ಯಾರಿಗೋ ತಂದು ಉಳಿದ ಕಣ್ಣಿನ ಹನಿ ಹಾಕುವುದೇ ದೊಡ್ಡ ಅಪಾಯ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಹುಣ್ಣು ಇನ್ನೂ ಬೇಗ ಕೊರೆಯುತ್ತದೆ. ಜೇನು, ಹರಳೆಣ್ಣೆ ಯಾವುದೂ ಬೇಡ. ಕಣ್ಣಿನ ಹೊಳಪು ಹೋಗಿ ಅಂಟು ಅಂಟು ಪಿಚ್ಚು ಬರುತ್ತಿದ್ದರೆ ಕಣ್ಣೀರೇ ಕಡಿಮೆಯಾಗಿರಬಹುದು, ಈ ತಳಿಗೆ ಅದೂ ಬರುತ್ತದೆ. ಕಾಗದದ ಪಟ್ಟಿ ಇಟ್ಟು ಒಂದು ನಿಮಿಷದಲ್ಲಿ ಪರೀಕ್ಷೆ ಮಾಡುತ್ತೇವೆ.

ಕುತ್ತಿಗೆಗೆ ಬೆಲ್ಟ್ ಹಾಕಿ ಎಳೆಯಬೇಡಿ, ಎದೆಗೆ ಹಾಕುವ ಹಾರ್ನೆಸ್ ಕೊಳ್ಳಿ. ಕುತ್ತಿಗೆಯ ಒತ್ತಡ ಉಸಿರಿಗೂ ಕಷ್ಟ, ಕಣ್ಣಿಗೂ ಕಷ್ಟ. ದೊಡ್ಡ ನಾಯಿ ತಲೆ ಹಿಡಿದು ಒದರಿದರೆ ಕಣ್ಣುಗುಡ್ಡೆ ಗೂಡಿನಿಂದ ಹೊರಬರುವುದೂ ಉಂಟು. ಹಾಗಾದರೆ ಒಳಗೆ ತಳ್ಳಲು ಹೋಗದೆ, ಶುದ್ಧ ಸಲೈನ್‌ನಲ್ಲಿ ಒದ್ದೆ ಮಾಡಿದ ಬಟ್ಟೆ ಮುಚ್ಚಿಕೊಂಡು ತಕ್ಷಣ ಹೊರಡಿ. ತೋಟದ ನಾಯಿಗಳು ಸ್ವಭಾವದಲ್ಲಿ ಒಳ್ಳೆಯವೇ ಇರಬಹುದು. ಆದರೂ ಊಟದ ಹೊತ್ತಿನಲ್ಲಿ ಅವುಗಳ ನಡುವೆ ಚಿನ್ನುವನ್ನು ಬಿಡಬೇಡಿ.

ಕಿವಿಯ ವಾಸನೆಯನ್ನು ನೋಡದೆ ಏನೂ ಹೇಳಲಾಗುವುದಿಲ್ಲ. ಯೀಸ್ಟ್, ಬ್ಯಾಕ್ಟೀರಿಯಾ, ನುಸಿ, ಮೂರಕ್ಕೂ ಔಷಧಿ ಬೇರೆ. ತೂಗುವ ಕಿವಿಗೆ ಗಾಳಿ ಆಡುವುದಿಲ್ಲ, ತೇವ ಅಲ್ಲೇ ನಿಲ್ಲುತ್ತದೆ. ಕೊಬ್ಬರಿ ಎಣ್ಣೆ ಬಿಡುವುದರಿಂದ ತೇವ ಇನ್ನಷ್ಟು ಕೂರುತ್ತದೆ. ಬಡ್ಸ್ ಹಾಕಿದರೆ ಕೊಳೆ ಒಳಕ್ಕೆ ಹೋಗುತ್ತದೆ. ವಾಸಿಯಾದ ಮೇಲೆ ವಾರಕ್ಕೊಮ್ಮೆ ನಾಯಿಗಳ ಕಿವಿ ತೊಳೆಯುವ ದ್ರಾವಣ ಬಳಸಬಹುದು.

ಗೊರಕೆ ಈ ತಳಿಗೆ ಸಹಜ. ಮಲಗಿದಾಗ ಗೊರಕೆ ಇದ್ದು, ಎದ್ದಾಗ ಆರಾಮಾಗಿದ್ದರೆ ಬಿಡಿ. ಎಚ್ಚರವಿದ್ದಾಗಲೂ ಉಸಿರು ಸದ್ದು ಮಾಡುತ್ತಿದ್ದರೆ, ನಾಲಿಗೆ ನೀಲಿಯಾದರೆ, ನಾಲ್ಕು ಹೆಜ್ಜೆಗೆ ಕೂತುಬಿಟ್ಟರೆ ತೋರಿಸಬೇಕು. ನಾಯಿಗೆ ಮೈ ತಂಪಾಗುವುದು ಮುಖ್ಯವಾಗಿ ಬಾಯಿ ತೆರೆದು ಏದುಸಿರು ಬಿಡುವುದರಿಂದ. ಮೂತಿ ಗಿಡ್ಡವಾದ ನಾಯಿಗೆ ಅದು ಸರಿಯಾಗಿ ಆಗುವುದಿಲ್ಲ. ಮೂಡಿಗೆರೆಯ ಹವೆಯಲ್ಲಿ ತೊಂದರೆ ಕಡಿಮೆ. ನನಗೆ ಭಯ ಇರುವುದು ಚಾರ್ಮಾಡಿ ಘಾಟಿ ಇಳಿದ ಮೇಲೆ. ಧರ್ಮಸ್ಥಳಕ್ಕೋ ಮಂಗಳೂರಿಗೋ ಹೋಗುವಾಗ ಜೊತೆಗೆ ಕರೆದೊಯ್ಯುತ್ತೀರಿ. ಉಜಿರೆ ದಾಟುವಷ್ಟರಲ್ಲಿ ಸೆಕೆ ಬೇರೆಯೇ ಆಗಿರುತ್ತದೆ. ದೇವಸ್ಥಾನಕ್ಕೆ ಹೋಗಿಬರುವಷ್ಟು ಹೊತ್ತು ಕಾರಿನಲ್ಲಿ ಬಿಟ್ಟರೆ, ಗಾಜು ಸ್ವಲ್ಪ ಇಳಿಸಿದ್ದರೂ ಒಳಗೆ ಕುದಿಯುತ್ತದೆ. ಜೀವ ಉಳಿಯುವುದಿಲ್ಲ. ಒಬ್ಬರು ನಾಯಿಯ ಜೊತೆ ನೆರಳಲ್ಲಿ ನಿಲ್ಲಲಿ, ಇಲ್ಲದಿದ್ದರೆ ಮನೆಯಲ್ಲೇ ಬಿಟ್ಟುಹೋಗಿ.

ಊಟದಲ್ಲಿ ಚಿನ್ನು ಸಾರನ್ನ ಬಿಟ್ಟದ್ದು ಒಳ್ಳೆಯದೇ ಆಯಿತು. ನಮ್ಮ ಸಾರಿನಲ್ಲಿ, ಕೋಳಿ ಪಲ್ಯದಲ್ಲಿ ಈರುಳ್ಳಿ ಬೆಳ್ಳುಳ್ಳಿ ಇದ್ದೇ ಇರುತ್ತದೆ. ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಂಗಳೂರಿನಲ್ಲಿ ಯಾವ ಆಹಾರ ಕೊಡುತ್ತಿದ್ದರು ಅಂತ ಮಗಳನ್ನು ಕೇಳಿ ಅದನ್ನೇ ಮುಂದುವರಿಸಿ. ಬದಲಿಸುವುದಾದರೆ ಒಂದು ವಾರದಿಂದ ಹತ್ತು ದಿನ ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಬನ್ನಿ. ಜೊತೆಗೆ ಮೂಳೆ ತೆಗೆದ ಬೇಯಿಸಿದ ಕೋಳಿ, ಮೊಟ್ಟೆ, ಕುಂಬಳಕಾಯಿ, ಬೀನ್ಸ್, ಸ್ವಲ್ಪ ಅನ್ನ ಕೊಡಬಹುದು. ಮಸಾಲೆ ಬೇಡ. ರಾಗಿ ಗಂಜಿ, ಒಂದೆರಡು ಚಮಚ ಮೊಸರು ಒಗ್ಗಿದರೆ ತೊಂದರೆ ಇಲ್ಲ. ಬರೀ ಮೊಸರನ್ನದಲ್ಲಿ ಬೆಳೆದ ನಾಯಿಗೆ ಮಾತ್ರ ಮೈ ಬರುತ್ತದೆ, ಶಕ್ತಿ ಬರುವುದಿಲ್ಲ.

ಬಿಸ್ಕತ್ತಿನ ಲೆಕ್ಕ ಕೇಳಿ. ಆರು ಕಿಲೋ ತೂಕದ ನಾಯಿಗೆ ದಿನಕ್ಕೆ ಸುಮಾರು 350ರಿಂದ 400 ಕ್ಯಾಲರಿ ಬೇಕು. ಒಂದು ಸಣ್ಣ ಗ್ಲುಕೋಸ್ ಬಿಸ್ಕತ್ತಿನಲ್ಲಿ 20ರಿಂದ 25 ಕ್ಯಾಲರಿ. ಬೆಳಗಿನ ಕಾಫಿಗೆ ಎರಡು, ಸಂಜೆ ಎರಡು ಅಂದರೆ ದಿನದ ಕಾಲು ಭಾಗ ಅದರಲ್ಲೇ ಮುಗಿಯಿತು. ಮತ್ತೆ ಊಟ ಯಾಕೆ ಬೇಕು? ತಟ್ಟೆ ಇಟ್ಟು ಕಾಲು ಗಂಟೆ ಕಾಯಿರಿ, ತಿನ್ನದಿದ್ದರೆ ಎತ್ತಿಡಿ, ಮುಂದಿನ ಹೊತ್ತಿಗೆ ಮತ್ತೆ ಇಡಿ. ಲವಲವಿಕೆಯಿಂದ ಇರುವ ವಯಸ್ಕ ನಾಯಿ ಒಂದು ದಿನದೊಳಗೆ ದಾರಿಗೆ ಬರುತ್ತದೆ. ಇಡೀ ದಿನ ಏನೂ ಮುಟ್ಟದಿದ್ದರೆ, ಇಲ್ಲವೇ ಮಂಕಾಗಿದ್ದರೆ ಅದು ಹಠ ಅಲ್ಲ, ಕಾಯಿಲೆ.

ತೋಟದ ಮನೆಯಲ್ಲಿ ಅಪಾಯಗಳು ಬೇರೆ. ಕೆಫೀನ್ ನಾಯಿಗೆ ವಿಷ, ಅದರ ಎದೆಬಡಿತ ಏರಿ ನಡುಕ, ಫಿಟ್ಸ್ ಬರಬಹುದು. ಫಿಲ್ಟರ್‌ನಲ್ಲಿ ಉಳಿದ ಚರಟವನ್ನು ಗುಲಾಬಿ ಗಿಡದ ಬುಡಕ್ಕೆ ಹಾಕುವ ರೂಢಿ ನಮ್ಮೆಲ್ಲರ ಮನೆಯಲ್ಲಿದೆ. ಇನ್ನು ಅದನ್ನು ಮಣ್ಣಿನಡಿ ಮುಚ್ಚಿ. ಕಣದಲ್ಲಿ ಕಾಫಿ ಹಣ್ಣು ಒಣಗುವಾಗ ಚಿನ್ನುವನ್ನು ಅಲ್ಲಿಗೆ ಬಿಡಬೇಡಿ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ಬೇಡ. ಪಾಯಸದಲ್ಲಿರುವ ದ್ರಾಕ್ಷಿಯೂ ಸೇರಿ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ಮೈಲುತುತ್ತದ ಡ್ರಮ್ಮಿನ ಹತ್ತಿರ ನಿಂತ ನೀರು ನೆಕ್ಕದಂತೆ ಒಳಗಿಡಿ. ಬಸವನಹುಳಕ್ಕೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆಯನ್ನು ನಾಯಿಗಳು ಇಷ್ಟಪಟ್ಟು ತಿನ್ನುತ್ತವೆ, ಕೆಲವೇ ಗಂಟೆಗಳಲ್ಲಿ ಮೈ ನಡುಗಿ ಜ್ವರ ಏರುತ್ತದೆ. ಕೆಲವು ಬಗೆಯ ಇಲಿಪಾಷಾಣ ಇದಕ್ಕಿಂತ ಮೋಸ. ತಿಂದ ದಿನ ಏನೂ ಗೊತ್ತಾಗುವುದಿಲ್ಲ, ಮೂರ್ನಾಲ್ಕು ದಿನ ಬಿಟ್ಟು ಒಳಗೆ ರಕ್ತ ಸೋರುತ್ತದೆ. ತಿಂದಿದೆ ಅಂತ ಅನುಮಾನ ಬಂದ ಕೂಡಲೇ ಪ್ಯಾಕೆಟ್ ಸಮೇತ ಬನ್ನಿ. ಯಾವ ವಿಷ ಅಂತ ಗೊತ್ತಾದರೆ ಅದಕ್ಕೆ ತಕ್ಕ ಔಷಧಿ ಕೊಡುತ್ತೇವೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ.

ಉಳಿದದ್ದು ಬೇಗ ಹೇಳುತ್ತೇನೆ. ರೇಬೀಸ್ ಮತ್ತು ಇತರ ರೋಗಗಳ ಸಂಯುಕ್ತ ಲಸಿಕೆ ವರ್ಷಕ್ಕೊಮ್ಮೆ. ಸಂಯುಕ್ತ ಲಸಿಕೆಯಲ್ಲಿ ಲೆಪ್ಟೋಸ್ಪೈರೋಸಿಸ್ ಇರುವಂತೆ ನೋಡಿಕೊಳ್ಳಿ. ಇಲಿಯ ಮೂತ್ರ ಸೇರಿದ ಮಳೆನೀರಿನಿಂದ ಅದು ನಾಯಿಗೆ ಬರುತ್ತದೆ, ನಾಯಿಯಿಂದ ನಿಮಗೂ ಬರಬಹುದು. ಜಂತುಹುಳದ ಮಾತ್ರೆ ಮೂರು ತಿಂಗಳಿಗೊಮ್ಮೆ. ಬಾಯಿ ಸಣ್ಣದು, ಹಲ್ಲು ಒತ್ತೊತ್ತು, ಬೇಗ ಹಾಳಾಗುತ್ತವೆ. ನಾಯಿಗಳ ಪೇಸ್ಟಿನಲ್ಲಿ ದಿನಾ ಉಜ್ಜಿ, ನಮ್ಮ ಪೇಸ್ಟ್ ಬೇಡ. ನುಣುಪು ನೆಲದ ಮೇಲೆ ಅದು ಓಡಾಡುವ ಕಡೆ ಮ್ಯಾಟ್ ಹಾಸಿ. ಸೋಫಾದಿಂದ, ಜಗಲಿ ಕಟ್ಟೆಯಿಂದ ಜಿಗಿಯಲು ಬಿಡಬೇಡಿ, ಮಂಡಿಚಿಪ್ಪು ಜಾರುವುದು, ಬೆನ್ನು ನೋವು ಈ ಮೈಕಟ್ಟಿಗೆ ಸಾಮಾನ್ಯ. ಎತ್ತುವಾಗ ಒಂದು ಕೈ ಎದೆಯಡಿ, ಒಂದು ಕೈ ಹಿಂಭಾಗಕ್ಕೆ. ಗರ್ಭಕೋಶದ ಆಪರೇಷನ್ ಆಗಿದೆಯೇ ಅಂತ ಮಗಳನ್ನು ಕೇಳಿ. ಆಗಿಲ್ಲವಾದರೆ ಮಾಡಿಸುವುದು ಒಳ್ಳೆಯದು. ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ತುಂಬಾ ನೀರು ಕುಡಿಯುತ್ತಾ ಊಟ ಬಿಟ್ಟರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಅದು ತಡ ಮಾಡುವ ಕಾಯಿಲೆ ಅಲ್ಲ.

ಕೊನೆಗೆ ಅದರ ಮನಸ್ಸಿನ ವಿಷಯ. ಚಿನ್ನು ಈಗ ಮಗಳನ್ನೂ ಕಳೆದುಕೊಂಡಿದೆ, ಗೊತ್ತಿದ್ದ ಮನೆಯನ್ನೂ ಕಳೆದುಕೊಂಡಿದೆ. ಇಂಥ ನಾಯಿಗೆ ಒಂಟಿತನ ಜ್ವರದಷ್ಟೇ ನಿಜ. ಬೆಳಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ ವಾಕಿಂಗ್, ಗೊತ್ತಾದ ಹೊತ್ತಿಗೆ ಊಟ, ಸಂಜೆಯ ಆ ಬಾಚಣಿಗೆ, ರಾತ್ರಿ ಒಂದೇ ಜಾಗದಲ್ಲಿ ಹಾಸಿಗೆ. ದಿನಚರಿ ಗಟ್ಟಿಯಾದಷ್ಟೂ ಅದಕ್ಕೆ ಧೈರ್ಯ ಬರುತ್ತದೆ. ಮಗಳು ಉಟ್ಟ ಹಳೇ ಬಟ್ಟೆ ಒಂದಿದ್ದರೆ ತೊಳೆಯದೆ ಹಾಸಿಗೆಯಲ್ಲಿ ಇಡಿ. ಯಜಮಾನರ ಕೈಯಲ್ಲೇ ಒಂದು ಹೊತ್ತಿನ ಊಟ ಹಾಕಿಸಿ. ಜಗಲಿ ಮೇಲಿರಲಿ ಅಂದವರ ಕಾಲ ಬಳಿ ಒಂದು ತಿಂಗಳಲ್ಲಿ ಅದು ಮಲಗಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಈ ವಾರವೇ ಒಮ್ಮೆ ಹತ್ತಿರದ ಪಶು ಆಸ್ಪತ್ರೆಗೆ ಕರೆದೊಯ್ದು ಕಿವಿ, ಕಣ್ಣು, ತೂಕ ಮೂರನ್ನೂ ನೋಡಿಸಿ. ಹಾಸನದ ಪಶುವೈದ್ಯಕೀಯ ಕಾಲೇಜಿಗೂ ಹೋಗಬಹುದು. ಬೆಂಗಳೂರಿನ ಲಸಿಕೆ ಪುಸ್ತಕ ಜೊತೆಗಿರಲಿ, ಇಲ್ಲದಿದ್ದರೆ ಮಗಳಿಂದ ಅದರ ಫೋಟೋ ತರಿಸಿಕೊಳ್ಳಿ. ಹೋಗುವ ಹಿಂದಿನ ಎರಡು ದಿನ ಕಿವಿಗೆ ಏನೂ ಹಾಕಬೇಡಿ, ಒರೆಸಲೂಬೇಡಿ. ಒಳಗಿನ ಕೊಳೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿಯೇ ಯಾವ ಔಷಧಿ ಅಂತ ತೀರ್ಮಾನ ಮಾಡುವುದು.